ಎಂಟು ಗ್ಲಾಸು ಕಪ್ಪು ಬಿಯರ್

ಅಪ್ಪನ ಮೂಗು ಸತ್ತಿದೆ ಎಂದು ಪುಟ್ಟಿಗೆ ಖಚಿತವಾದದ್ದು ಒಲೆಯ ಮೇಲಿಟ್ಟ ಹಾಲಿನಿಂದ. ಅವಳು ಹಾಲಿಟ್ಟು ಸ್ನಾನಕ್ಕೆ ಹೋಗಿದ್ದಳು. ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದರೆ ಮಹಡಿ ಮೆಟ್ಟಿಲವರೆಗೆ ಸೀದ ವಾಸನೆ. ಓಡಿ ಬಂದು ನೋಡಿದಳು. ಹಾಲು ಉಕ್ಕಿ, ಇಂಗಿ, ತಳ ಹಿಡಿದು, ಪಾತ್ರೆಯಿಂದ ಹೊಗೆ ಏಳುತ್ತಿತ್ತು. ಒಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಅದಕ್ಕೆ ಬೆನ್ನು ಹಾಕಿ ಕುಳಿತು ಅಪ್ಪ ಪತ್ರಿಕೆ ಓದುತ್ತಿದ್ದರು.

"ಅಪ್ಪ, ಹಾಲು!"

ಅಪ್ಪ ಪುಟ ತಿರುಗಿಸಿದರು. "ಗೊತ್ತು. ನಿನಗೆ ಯಾವಾಗ ಗೊತ್ತಾಗತ್ತೆ ಅಂತ ನೋಡ್ತಿದ್ದೆ."

ಅಷ್ಟು ಚಂದವಾಗಿ ಸುಳ್ಳು ಹೇಳುವುದು ಅವರಿಗೆ ಮಾತ್ರ ಸಾಧ್ಯ. ಆದರೆ ಅವರು ಅದೇ ಪುಟವನ್ನು ಮತ್ತೆ ಹಿಂದಕ್ಕೆ ತಿರುಗಿಸಿದ್ದನ್ನು ಅವಳು ನೋಡಿದಳು. ನಾಲ್ಕು ತಿಂಗಳ ಹಿಂದೆ ಜ್ವರ ಬಂದು ಹದಿನೈದು ದಿನ ಹಾಸಿಗೆ ಹಿಡಿದಿದ್ದರು. ಎದ್ದ ಮೇಲೆ ಊಟಕ್ಕೆ ಕುಳಿತು ಉಪ್ಪಿನ ಮೇಲೆ ಉಪ್ಪು ಹಾಕಿಕೊಳ್ಳುತ್ತಿದ್ದರು. ಯಾವುದನ್ನೂ ಹೇಳಿಕೊಳ್ಳುವ ಜೀವ ಅದಲ್ಲ.

ಇಡೀ ಊರಿಗೆ ಅವರ ಹೆಸರೇ ಮೂಗು. ಎದುರಿಗೆ ಯಜಮಾನರೇ ಎನ್ನುವವರೂ ಬೆನ್ನ ಹಿಂದೆ "ಮೂಗು ಏನಂತು?" ಎಂದೇ ಕೇಳುತ್ತಿದ್ದರು. ಹಿಂದಿನ ಬೀದಿಯಲ್ಲಿ ಅವರದೇ ಸಣ್ಣ ಬ್ರೂವರಿ: ತಾಮ್ರದ ಎರಡು ಹಂಡೆ, ಹನ್ನೊಂದು ಜನ ಕೆಲಸಗಾರರು, ಕೆಳಗೆ ತಂಪಾದ ಉದ್ದನೆಯ ನೆಲಮಾಳಿಗೆ. ಅಲ್ಲಿ ಮಾಡುತ್ತಿದ್ದದ್ದು ಹೆಚ್ಚಾಗಿ ಒಂದೇ ಬಗೆ, ಹುರಿದ ಬಾರ್ಲಿಯ ದಟ್ಟ ಕಪ್ಪು ಬಿಯರ್. ಯೀಸ್ಟ್ ಜೀವಂತವಾಗಿರುವಾಗಲೇ ಬಾಟಲಿಗೆ ತುಂಬಿ, ಮುಚ್ಚಳದ ಮೇಲೆ ಮೇಣ ಸುರಿದು ಮಲಗಿಸಿಟ್ಟರೆ ಅದು ವರ್ಷಗಟ್ಟಲೆ ಒಳಗೇ ಮಾಗುತ್ತದೆ. ಮೊದಲ ವರ್ಷ ಸುಟ್ಟ ಕಾಫಿಯಂತೆ ಒರಟು. ಐದನೇ ವರ್ಷಕ್ಕೆ ಒಣದ್ರಾಕ್ಷಿ. ಹತ್ತು ದಾಟಿದರೆ ಹೊಗೆಸೊಪ್ಪು, ಹಳೆ ಚರ್ಮ, ಖರ್ಜೂರ, ಇನ್ನೂ ಹೆಸರಿಲ್ಲದ ಏನೇನೋ. ಕೆಟ್ಟರೆ ಮಾತ್ರ ಒಂದೇ ವಾಸನೆ, ಮಳೆಯಲ್ಲಿ ನೆನೆದ ರಟ್ಟಿನದು. ಯಾವ ಬಾಟಲಿ ಯಾವ ವರ್ಷದ್ದು ಎಂದು ಅಪ್ಪ ಲೇಬಲ್ಲು ನೋಡದೆ, ಗ್ಲಾಸನ್ನು ಮೂಗಿನ ಕೆಳಗೆ ಒಂದು ಸಲ ಆಡಿಸಿ ಹೇಳಿಬಿಡುತ್ತಿದ್ದರು.

ಆ ಮೂಗಿನಿಂದ ಅವರು ಜನರನ್ನು ಕೊಯ್ಯುತ್ತಿದ್ದರು. ಬ್ರೂವರಿಗಳ ಸಂಘಕ್ಕೆ ಈಗ ಅಧ್ಯಕ್ಷರಾಗಿರುವವರು ಒಂದು ಕಾಲದಲ್ಲಿ ತಮ್ಮ ಮೊದಲ ಬಿಯರನ್ನು ಭಕ್ತಿಯಿಂದ ತಂದು ಕೊಟ್ಟಿದ್ದರು. ಅಪ್ಪ ಮೂಸಿ ನೋಡಿ, ಗ್ಲಾಸನ್ನು ಕಿಟಕಿಯ ಹೂಕುಂಡಕ್ಕೆ ಬಗ್ಗಿಸಿ, ಮರುದಿನ ಅವರನ್ನು ಕರೆಸಿ ಗಿಡ ತೋರಿಸಿದ್ದರು, "ನೋಡಿ, ಇನ್ನೂ ಬದುಕಿದೆ, ಗಟ್ಟಿ ಗಿಡ." ಪತ್ರಿಕೆಯಲ್ಲಿ ಊಟ-ಪಾನೀಯದ ಅಂಕಣ ಬರೆಯುವ ಹೆಂಗಸಿಗೆ ಫೋನು ಮಾಡಿ, "ನಿಮ್ಮ ಲೇಖನದ ಕಾಗದ ಚೆನ್ನಾಗಿತ್ತು, ಬಾಟಲಿ ಒರೆಸಿದ್ರೆ ನಾರು ಬಿಡಲ್ಲ" ಎಂದಿದ್ದರು.

ಪುಟ್ಟಿಗೆ ಆ ಪಾಠ ಹನ್ನೊಂದನೇ ವಯಸ್ಸಿಗೇ ಆಗಿತ್ತು. ಒಂದು ಬೆಳಿಗ್ಗೆ ಹಂಡೆಯ ಹತ್ತಿರ, ಕೆಲಸಗಾರರೆಲ್ಲ ನಿಂತಿರುವಾಗ, ಇನ್ನೂ ಹುಳಿಯೇರದ ಸಿಹಿ ಮಾಲ್ಟ್ ರಸವನ್ನು ಎರಡು ಲೋಟದಲ್ಲಿ ಕೊಟ್ಟು ಅಪ್ಪ ಕೇಳಿದ್ದರು, "ಎರಡಕ್ಕೂ ಏನು ವ್ಯತ್ಯಾಸ, ಹೇಳು ನೋಡೋಣ." ಅವಳು ಕಣ್ಣು ಮುಚ್ಚಿ, ಅಪ್ಪ ಮಾಡುವಂತೆಯೇ ಬಾಯಲ್ಲಿ ಹೊರಳಿಸಿ, ಇದರಲ್ಲಿ ರೊಟ್ಟಿ ಸುಟ್ಟ ವಾಸನೆ ಜಾಸ್ತಿ, ಅದರಲ್ಲಿ ಜೇನಿನ ಥರ ಇದೆ ಎಂದೆಲ್ಲ ಹೇಳಿದಳು. ಅಪ್ಪ ನಗಲು ಶುರು ಮಾಡಿದರು. "ಎರಡೂ ಒಂದೇ ಜಗ್ಗಿನದು ಕಣೇ! ಇವಳ ನಾಲಿಗೆ ಸುಳ್ಳಿಗೆ ಸರಿ, ರುಚಿಗಲ್ಲ." ಹತ್ತು ಜನ ನಕ್ಕರು. ನಗದೆ ಉಳಿದವನು ನೆಲಮಾಳಿಗೆಯ ಮೇಸ್ತ್ರಿ ಒಬ್ಬನೇ. ಅಂದಿನಿಂದ ಅವಳ ಪಾಲಿಗೆ ಬಂದದ್ದು ಲೇಬಲ್ಲು, ಗೋಂದು, ಕಚೇರಿಯ ಪತ್ರಗಳು. ರುಚಿ ನೋಡುವ ಮೇಜಿಗೆ ಅವಳು ಹೋಗುತ್ತಿದ್ದದ್ದು ಎಂಜಲು ಗ್ಲಾಸು ಎತ್ತಲು ಮಾತ್ರ. ಆ ಎಂಜಲಿನಲ್ಲೇ ಅವಳು ಕಲಿತಳು. ತೊಳೆಯುವ ಮುಂಚೆ ಒಂದೊಂದೇ ಗ್ಲಾಸು ಮೂಸುವಳು. ಮೇಸ್ತ್ರಿ ಪಕ್ಕದಲ್ಲಿ ನಿಂತು, "ಇದು ಏಳು ವರ್ಷದ್ದು ಕಣಮ್ಮ, ಇದು ನಾಲ್ಕು" ಎಂದು ಪಿಸುಗುಟ್ಟುವನು. ಈಗ ಅವಳಿಗೆ ನಲವತ್ತೆರಡು. ಬ್ರೂವರಿ ನಡೆಸುತ್ತಿದ್ದದ್ದು ಅವಳು ಮತ್ತು ಅವಳ ಗಂಡ. ಅಪ್ಪನ ಬಾಯಲ್ಲಿ ಇನ್ನೂ ಪುಟ್ಟಿಯೇ.

ಹಾಲು ಸೀದ ದಿನದಿಂದ ಅವಳು ಯಾರಿಗೂ ಹೇಳದೆ ಪ್ರತಿ ಹಂಡೆಯ ಬಿಯರನ್ನೂ ತಾನೇ ಮೂಸಿ ನೋಡತೊಡಗಿದಳು. ಅಪ್ಪ ಮೇಲಿನಿಂದ "ಆಗಬಹುದು" ಎನ್ನುವ ಮೊದಲೇ ಕೆಳಗೆ ಅವಳು ಆಗಿಸಿರುತ್ತಿದ್ದಳು. ವರ್ಷದ ಮೇಲೆ ಹಾಗೇ ನಡೆಯಿತು. ಆಮೇಲೆ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದಾಗ ಮೂರು ದಿನ ಅವಳು ಇರಲಿಲ್ಲ. ಆ ಮೂರು ದಿನದಲ್ಲಿ ಕೊಳೆತ ಮೊಟ್ಟೆಯಂತೆ ನಾರುವ ಒಂದು ಹಂಡೆ ಬಿಯರಿಗೆ ಅಪ್ಪ "ಆಗಬಹುದು" ಎಂದರು. ಬಾಟಲಿ ತುಂಬಿ ಹೊರಗೂ ಹೋಯಿತು. "ಯಜಮಾನರೇ, ಇದು ಯಾಕೋ ನಾರ್ತಿದೆ" ಎಂದು ಎರಡು ಸಲ ಹೇಳಿದವನು ಮೇಸ್ತ್ರಿ.

ಮಾಲು ವಾಪಸು ಬಂದ ದಿನ ಅಪ್ಪ ಎಲ್ಲರನ್ನೂ ಅಂಗಳಕ್ಕೆ ಕರೆಸಿದರು. ಮೇಸ್ತ್ರಿಯನ್ನು ನಡುವೆ ನಿಲ್ಲಿಸಿ, "ಪೈಪು ತೊಳೆಯದ ಕೈ ಇದು. ಮೂವತ್ತು ವರ್ಷ ಸಾಕಿದ್ದಕ್ಕೆ ವಿಷ ಹಾಕ್ದ" ಎಂದರು. ಮೇಸ್ತ್ರಿ ರಬ್ಬರ್ ಬೂಟು ಬಿಚ್ಚಿ, ಒರೆಸಿ, ಜೋಡಿಸಿಟ್ಟು, ಬರಿಗಾಲಲ್ಲಿ ಗೇಟು ದಾಟಿದ. ಪುಟ್ಟಿ ಕಚೇರಿಯ ಕಿಟಕಿಯಿಂದ ನೋಡುತ್ತಿದ್ದಳು. ಅವಳಿಗೆ ಸತ್ಯ ಗೊತ್ತಿತ್ತು. ಅವಳೂ ಬಾಯಿ ಬಿಡಲಿಲ್ಲ. ತನ್ನ ಆ ತಪ್ಪನ್ನೂ ಅವಳು ಅಪ್ಪನ ಲೆಕ್ಕಕ್ಕೇ ಸೇರಿಸಿದಳು.

"ಇನ್ನು ಸಾಕು," ಎಂದಳು ಗಂಡನಿಗೆ. "ನೀವೇ ನಿವೃತ್ತಿ ಆಗಿ ಅಂತ ನಾವು ಹೇಳಿದ್ರೆ ಅಪ್ಪ ಕೇಳೋರಲ್ಲ. ನಾಲ್ಕು ಜನರ ಮುಂದೆ ಗೊತ್ತಾಗ್ಬೇಕು."

ಅವಳ ಗಂಡ ಹಿಂದೆ ಲೇಬಲ್ಲು ಅಚ್ಚು ಹಾಕುವ ಪ್ರೆಸ್ಸಿನಲ್ಲಿದ್ದವನು. ಸೌಮ್ಯ, ಮಾತು ಕಡಿಮೆ. ಅವನಿಗೆ ರುಚಿಯಲ್ಲಿ ಇದ್ದದ್ದು ಎರಡೇ ಬಗೆ, ಚೆನ್ನಾಗಿದೆ ಮತ್ತು ಪರವಾಗಿಲ್ಲ. ಅವಳ ಯೋಜನೆ ಕೇಳಿ ಅವನು ತಲೆ ಕೆರೆದುಕೊಂಡ.

"ಎಂಟೂ ಗ್ಲಾಸಿಗೆ ಒಂದೇ ಬಿಯರಾ?"

"ಒಂದೇ. ಮೂರು ವರ್ಷದ್ದು. ಎಂಟು ಬೇರೆ ಬೇರೆ ವರ್ಷದ್ದು ಅಂತ ಹೇಳ್ಬಿಟ್ಟು ಕೊಡೋದು. ಅವರು ಒಂದೊಂದಕ್ಕೂ ಒಂದೊಂದು ವರ್ಷ ಹೇಳ್ತಾ ಹೋಗ್ಲಿ."

"ಬರೋ ಅತಿಥಿಗಳಿಗೂ ಅದೇನಾ?"

"ಅವರಿಗೆ ಮೂಗಿದೆಯಲ್ಲ ರೀ. ಮೂರನೇ ಗ್ಲಾಸಿಗೆ ಹಿಡೀತಾರೆ. ಹಿಡಿದು ಅವರೇ ಕೇಳ್ತಾರೆ. ನಾನು ಬಾಯೇ ಬಿಡ್ಬೇಕಾಗಿಲ್ಲ. ಒಬ್ಬೊಬ್ಬರಿಗೂ ಅಪ್ಪನ ಮೇಲೆ ಎಷ್ಟು ಸೇಡಿದೆ ಅಂತ ನಿಮಗೆ ಗೊತ್ತಲ್ಲ."

"ನೆಗಡಿ ಆಯ್ತು ಅಂತ ಮೂಗು ಕೊಯ್ಕೊಂಡ ಹಾಗೆ ಆಗತ್ತೆ ಕಣೇ," ಎಂದನು ಗಂಡ. ಆದರೂ ಕೊನೆಗೆ ಒಪ್ಪಿದ. ಹೆಂಡತಿಗೆ ಇಲ್ಲ ಎನ್ನುವ ಅಭ್ಯಾಸ ಅವನಿಗಿರಲಿಲ್ಲ.

ಆಹ್ವಾನ ಹೋಯಿತು. ಹನ್ನೆರಡು ವರ್ಷದ ಹಳೆಯದರಿಂದ ಹಿಡಿದು ಎಂಟು ವರ್ಷಗಳ ಕಪ್ಪು ಬಿಯರ್, ಲೇಬಲ್ಲು ಮುಚ್ಚಿ. ಯಜಮಾನರು ವರ್ಷ ಗುರುತಿಸುತ್ತಾರೆ. ಬಂದವರು ಮೂವರು: ಸಂಘದ ಅಧ್ಯಕ್ಷರು, ಅಂಕಣದ ಹೆಂಗಸು, ಮತ್ತು ನಲವತ್ತು ಅಂಗಡಿಗಳಿಗೆ ಮಾಲು ಕೊಳ್ಳುವ ಸಾಹುಕಾರ. ಅವನನ್ನು ಅಪ್ಪ ಒಮ್ಮೆ ಎರಡು ಗಂಟೆ ಅಂಗಳದಲ್ಲಿ ನಿಲ್ಲಿಸಿ, ಆಮೇಲೆ ಇವತ್ತು ಪುರುಸೊತ್ತಿಲ್ಲ ಎಂದು ಹೇಳಿ ಕಳಿಸಿದ್ದರು.

ಮಧ್ಯಾಹ್ನ ಮೂರು ಗಂಟೆ. ಬ್ರೂವರಿಯ ಮೇಲಿನ ಕೋಣೆ, ಉತ್ತರದ ಬೆಳಕು, ಬಿಳಿ ಬಟ್ಟೆ ಹಾಸಿದ ಮೇಜು, ಬಾಯಿ ತೊಳೆಯಲು ನೀರು, ಉಪ್ಪಿಲ್ಲದ ಬ್ರೆಡ್ಡಿನ ಚೂರುಗಳು. ಅಪ್ಪ ಬೂದು ಕೋಟು ಹಾಕಿ, ಕ್ಷೌರ ಮಾಡಿಕೊಂಡು, ಮದುವೆ ಗಂಡಿನಂತೆ ಬಂದು ಕುಳಿತರು. ಪಕ್ಕದ ಕೋಣೆಯಲ್ಲಿ ಅಳಿಯ ಒಂದೇ ಬುಟ್ಟಿಯ ಬಾಟಲಿಗಳನ್ನು ತೆರೆದು, ತಳದ ಗಷ್ಟು ಕದಡದಂತೆ ಗ್ಲಾಸುಗಳಿಗೆ ಬಗ್ಗಿಸಿ, ಅಂಕೆ ಅಂಟಿಸಿ ತಂದ. ನಿಜವಾದ ಎಂಟು ಬಾಟಲಿಗಳು ಕೆಳಗೆ ಕತ್ತಲಲ್ಲಿ ಅಲುಗಾಡದೆ ಮಲಗಿದ್ದವು.

ಮೊದಲ ಗ್ಲಾಸು. ಅಪ್ಪ ಎತ್ತಿ ಬೆಳಕಿಗೆ ಹಿಡಿದರು, ಮೂಗಿನ ಕೆಳಗೆ ಆಡಿಸಿದರು, ಒಂದು ಗುಟುಕು ಬಾಯಲ್ಲಿ ಹೊರಳಿಸಿ ನುಂಗಿದರು. ಪುಟ್ಟಿ ಗೋಡೆಗೆ ಒರಗಿ ನಿಂತಿದ್ದಳು.

"ಒಂಬತ್ತನೇ ವರ್ಷದ್ದು," ಎಂದರು ಅಪ್ಪ. "ಹೊಗೆಸೊಪ್ಪು ಶುರುವಾಗಿದೆ. ಹಿಂದೆ ಸ್ವಲ್ಪ ಅಂಜೂರ."

ಎರಡನೆಯದು ಐದು ವರ್ಷದ್ದು, ಒಣದ್ರಾಕ್ಷಿ. ಮೂರನೆಯದನ್ನು ಕುಡಿದಾಗ ಅಪ್ಪ ಎಂದಿಗಿಂತ ಹೆಚ್ಚು ಹೊತ್ತು ಬಾಯಲ್ಲಿ ಇಟ್ಟುಕೊಂಡರು. ನುಂಗಿದ ಮೇಲೆ ಮಗಳ ಕಡೆ ಒಂದು ಸಲ ನೋಡಿದರು. ಮೊದಲನೇ ಗ್ಲಾಸನ್ನು ಮತ್ತೆ ಎತ್ತಿ ಒಂದು ಹನಿ ನಾಲಿಗೆಗೆ ಮುಟ್ಟಿಸಿದರು. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕೋಟಿನ ಗುಂಡಿ ಬಿಚ್ಚಿ, ನಿರಾಳವಾಗಿ ಹೇಳಿದರು, "ಇದು ಹನ್ನೆರಡು! ಅಧ್ಯಕ್ಷರೇ, ಹಳೆ ಕುದುರೆ ಜೀನು ಮೂಸಿದೀರಾ ಯಾವತ್ತಾದ್ರೂ? ಅದೇ. ಹೌದೋ ಅಲ್ವೋ?"

ಈಗ ಹೇಳುತ್ತಾರೆ, ಎಂದುಕೊಂಡಳು ಪುಟ್ಟಿ.

ಅಧ್ಯಕ್ಷರು ಗ್ಲಾಸಿಗೆ ಮೂಗಿಟ್ಟರು. ಹುಬ್ಬು ಗಂಟಿಕ್ಕಿತು. ಮೊದಲನೆಯದನ್ನು ಮೂಸಿದರು, ಮೂರನೆಯದನ್ನು ಮತ್ತೆ ಮೂಸಿದರು. ಎದುರಿಗೆ ಕುಳಿತ ಮುದುಕನ ಮುಖ ನೋಡಿದರು. ಹೂಕುಂಡ ನೆನಪಾಯಿತೋ ಏನೋ. "ಹೌದು... ಜೀನು. ಖಂಡಿತ," ಎಂದು ಬರೆದುಕೊಂಡರು.

"ನನಗೆ ಹಿಂದೆ ಹಳೆ ಬಟ್ಟೆ ಇಟ್ಟ ಬೀರು ತೆಗೆದ ಹಾಗೆ ಅನ್ನಿಸ್ತು. ಅಜ್ಜಿಯ ಬೀರು," ಎಂದಳು ಅಂಕಣದ ಹೆಂಗಸು.

"ಭೇಷ್! ಬರ್ಕೊಳ್ಳಿ ಅದನ್ನ," ಎಂದರು ಅಪ್ಪ. ಅವರು ಜೀವಮಾನದಲ್ಲಿ ಯಾರಿಗೂ ಭೇಷ್ ಎಂದವರಲ್ಲ. ಹೆಂಗಸಿನ ಮುಖ ಅರಳಿತು.

ಅಲ್ಲಿಂದ ಮುಂದಿನದು ನಿಲ್ಲಿಸಲಾಗದ ಬಂಡಿಯಂತೆ ಓಡಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ನಾಲ್ಕನೆಯದರಲ್ಲಿ ಮೂರನೆಯದರಲ್ಲಿಲ್ಲದ ಹುಳಿ ಇದೆ ಎಂದ ಸಾಹುಕಾರ. ಐದನೆಯದಕ್ಕೆ ಅಂಕಣದ ಹೆಂಗಸು ಅರ್ಧ ಪುಟ ಬರೆದಳು. ಆರನೆಯದು ಎಲ್ಲಕ್ಕಿಂತ ಕೀಳು, ಆ ವರ್ಷ ಬಾರ್ಲಿ ಸರಿ ಇರಲಿಲ್ಲ ಎಂದು ಅಪ್ಪ ಹೇಳಿದರೆ ಮೂವರೂ ಹತ್ತಕ್ಕೆ ಮೂರು ಅಂಕ ಕೊಟ್ಟರು. ಅಪ್ಪ ಒಬ್ಬೊಬ್ಬರನ್ನೂ ಕೇಳಿ, ಹೊಗಳಿ, ಬೆನ್ನು ತಟ್ಟಿ ಬರೆಸುತ್ತಿದ್ದರು. ಕೋಣೆಯಲ್ಲಿ ನಗು ತುಂಬಿತ್ತು. ಮೂವತ್ತು ವರ್ಷದಲ್ಲಿ ಆ ಮೇಜಿನಲ್ಲಿ ಅಂಥ ಸಂತೋಷ ಯಾರೂ ಕಂಡಿರಲಿಲ್ಲ.

ಪುಟ್ಟಿ ಗೋಡೆಯಿಂದ ಸರಿದಳು. ಒಬ್ಬನಿಗೆ ತೋಡಿದ ಹಳ್ಳಕ್ಕೆ ಮೆರವಣಿಗೆಯೇ ಬಂದು ಬಿದ್ದಿತ್ತು. ಈಗ ನಿಜ ಹೇಳಿದರೆ ಇವರ ಮುಖ ಏನಾಗಬೇಕು? ಅವಳು ಪಕ್ಕದ ಕೋಣೆಗೆ ನುಗ್ಗಿದಳು.

"ಏನೂ ಹೇಳೋದು ಬೇಡ ರೀ. ನಿಜವಾಗ್ಲೂ ಎಂಟು ವರ್ಷದ್ದೇ ಅಂತ ಇದ್ದುಬಿಡ್ಲಿ. ಕುಡಿದು ಖುಷಿಯಾಗಿ ಮನೆಗೆ ಹೋಗ್ತಾರೆ. ಖಾಲಿ ಬಾಟಲಿ ಎಲ್ಲ ಬಚ್ಚಿಡಿ."

ವಾಪಸು ಬಂದಾಗ ಎಂಟನೆಯದು ಮುಗಿದಿತ್ತು. ಸಾಹುಕಾರ ಚಪ್ಪಾಳೆ ತಟ್ಟುತ್ತಿದ್ದ. ಅಪ್ಪ ಎರಡು ಕೈಯನ್ನೂ ಮೇಜಿನ ಮೇಲೆ ಹಾಸಿ ಕುಳಿತಿದ್ದರು.

"ಪುಟ್ಟಿ, ಬಾಟಲಿ ತರಿಸಮ್ಮ. ಲೇಬಲ್ಲು ನೋಡಿ ಒಪ್ಪಿಸಿಬಿಡೋಣ."

"ಅದು... ತೊಳೆಯೋಕೆ ಕಳಿಸಿದ್ದಾಯ್ತು ಅಪ್ಪ."

"ಹನ್ನೆರಡು ವರ್ಷದ ಬಾಟಲಿನ, ಗ್ಲಾಸು ಖಾಲಿಯಾಗೋ ಮುಂಚೆ ತೊಳೆಯೋಕೆ ಹಾಕಿದ್ರಾ?" ಅಪ್ಪ ನಕ್ಕರು. ಅತಿಥಿಗಳ ಕಡೆ ತಿರುಗಿದರು. "ನಿಮ್ಮ ಹಾಳೆ ಇಲ್ಲಿ ಕೊಡಿ ನೋಡೋಣ. ಏನೇನು ಬರೆದಿದೀರಿ?"

ಮೂವರೂ ಕೊಟ್ಟರು, ಮಾಸ್ತರರಿಗೆ ಸ್ಲೇಟು ಒಪ್ಪಿಸುವ ಮಕ್ಕಳ ಹಾಗೆ. ಅಪ್ಪ ಕನ್ನಡಕ ಹಾಕಿಕೊಂಡು ಜೋರಾಗಿ ಓದಿದರು. "ಮೂರನೆಯದು: ಕುದುರೆ ಜೀನು, ಹತ್ತಕ್ಕೆ ಒಂಬತ್ತೂವರೆ. ಅಜ್ಜಿಯ ಬೀರು, ಹತ್ತಕ್ಕೆ ಹತ್ತು. ಆರನೆಯದು: ಜೀವ ಇಲ್ಲ, ಕೊಚ್ಚೆ, ಹತ್ತಕ್ಕೆ ಮೂರು." ಹಾಳೆಗಳನ್ನು ಜೋಡಿಸಿ ಮೇಜಿನ ಮೇಲೆ ಇಟ್ಟರು. "ಮೂರೂ ಆರೂ ಒಂದೇ ಬಾಟಲಿ ಕಣ್ರಯ್ಯಾ. ಎಂಟೂ ಒಂದೇ. ಎಲ್ಲ ಮೂರೇ ಮೂರು ವರ್ಷದ್ದು. ನನ್ನ ಮಗಳು ನಿಮಗೆ ಕುಡಿಸಿದ್ದು."

ಸಾಹುಕಾರ ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟ.

"ಅವಳು ಮಾಡಿದ್ದು ನನಗೋಸ್ಕರ ಬಿಡಿ. ಮುದುಕನ್ನ ನಿಮ್ಮ ಮುಂದೆ ಬೆತ್ತಲೆ ಮಾಡೋಣ ಅಂತ. ನಾನು ಮೂರನೇ ಗ್ಲಾಸಿಗೇ ಹಿಡಿದೆ. ನೀವು ಎಂಟು ಕುಡಿದ್ರಿ, ಮೂರು ಮೂಗು ಇಟ್ಕೊಂಡು! ಅಮ್ಮ, ಅಂಕಣದಲ್ಲಿ ಅಜ್ಜಿಯ ಬೀರು ಮರೀಬೇಡಿ."

ಅಧ್ಯಕ್ಷರು ಮೊದಲು ಎದ್ದರು. ಸಾಹುಕಾರನ ಕಿವಿ ಕೆಂಪಗಾಗಿತ್ತು. ಅಂಕಣದ ಹೆಂಗಸು ತನ್ನ ಹಾಳೆಗೆ ಕೈ ಚಾಚಿದಳು. ಅಪ್ಪ ಅದರ ಮೇಲೆ ಮೊಣಕೈ ಊರಿದರು. ಬಾಗಿಲಲ್ಲಿ ಅವಳು ಪುಟ್ಟಿಯನ್ನು ನೋಡಿದ ನೋಟದಲ್ಲಿ ಬೈಗುಳವೂ ಇರಲಿಲ್ಲ. "ಚೆನ್ನಾಗಿತ್ತು ನಿಮ್ಮ ಆಟ," ಎಂದಳು ಅಷ್ಟೇ.

ಕೋಣೆ ಖಾಲಿಯಾದ ಮೇಲೆ ಪುಟ್ಟಿ ಅಪ್ಪನ ಎದುರಿನ ಕುರ್ಚಿಯಲ್ಲಿ ಕುಸಿದಳು.

"ಹಾಗಾದ್ರೆ ನಿಮ್ಮ ಮೂಗು..."

"ಹೋಗಿ ಎರಡು ವರ್ಷ ಆಯ್ತು. ಆ ಜ್ವರದಲ್ಲೇ. ಸೀಮೆಎಣ್ಣೆ ಸುರಿದ್ರೂ ಗೊತ್ತಾಗಲ್ಲ." ಅಪ್ಪ ಬ್ರೆಡ್ಡಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡರು. "ನಾಲಿಗೆ ಇದೆಯಲ್ಲ. ವರ್ಷ ಹೋದ ಹಾಗೆ ಕಹಿ ಇಳೀಬೇಕು. ಇಲ್ಲಿ ಎಂಟರಲ್ಲೂ ಅಷ್ಟೇ ಕಹಿ, ಅದೇ ಜಾಗದಲ್ಲಿ. ಗ್ಯಾಸು ಕುಟುಕೋದೂ ಅದೇ ಥರ. ಅಷ್ಟೂ ಗೊತ್ತಾಗಲ್ವಾ?"

"ಮೇಸ್ತ್ರಿನ ಕಳಿಸಿದಾಗ? ಅವನ ತಪ್ಪಲ್ಲ ಅಂತ ಗೊತ್ತಿತ್ತಾ?"

"ಯಾರದಾದ್ರೂ ಆಗ್ಲೇಬೇಕಿತ್ತಲ್ಲ."

"ಸರಿ, ಇವತ್ತು ಸುಮ್ಮನಿದ್ದಿದ್ರೆ ಏನಾಗ್ತಿತ್ತು ಅಪ್ಪ? ಗೊತ್ತಾಗಿದ್ದು ನಿಮಗೊಬ್ಬರಿಗೇ. ಖುಷಿಯಾಗಿ ಹೋಗ್ತಿದ್ರು. ನಮ್ಮದೇ ಬ್ರೂವರಿ! ನೀವೇ ಕಟ್ಟಿದ್ದು!"

ಅಪ್ಪ ಎದ್ದು ಕೋಟಿನ ಗುಂಡಿ ಹಾಕಿಕೊಂಡರು. "ನಾನು ಕಟ್ಟಿದ್ದು ತಾನೇ," ಎಂದರು.

ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಮುಂದಿನ ವಾರದ ಅಂಕಣದಲ್ಲಿ ಹೆಸರಿರಲಿಲ್ಲ. ಒಂದು ಹಳೆಯ ಮನೆತನ ಹೊಸ ಬಿಯರನ್ನು ಹಳೆಯದೆಂದು ಕುಡಿಸುತ್ತಿದೆ, ತಾನೇ ಕಣ್ಣಾರೆ ಕಂಡೆ ಎಂದಿತ್ತು. ಹೆಸರು ಬೇಕಾಗಿರಲೂ ಇಲ್ಲ. ನಲವತ್ತು ಅಂಗಡಿಗಳ ಕಪಾಟಿನಿಂದ ಅವರ ಬಾಟಲಿ ಇಳಿಯಿತು. ಮಾಗಿದ ಬಿಯರಿಗೆ ಸಂಘ ಕೊಡುವ ಮುದ್ರೆಯನ್ನು ಅಧ್ಯಕ್ಷರು ಒಂದೇ ಸಾಲಿನ ಪತ್ರದಲ್ಲಿ ವಾಪಸು ಪಡೆದರು. ಪುಟ್ಟಿ ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಿ ನಿಂತಳು. ಸಾಹುಕಾರ ಅವಳನ್ನು ಎರಡು ಗಂಟೆ ಕೂರಿಸಿ, ಇವತ್ತು ಪುರುಸೊತ್ತಿಲ್ಲ ಎಂದು ಹೇಳಿ ಕಳಿಸಿದ. ಕೆಲಸಗಾರರು ಒಬ್ಬೊಬ್ಬರಾಗಿ ಬೇರೆ ಕಡೆ ಸೇರಿಕೊಂಡರು. ವರ್ಷ ತುಂಬುವ ಮೊದಲೇ ಹಂಡೆಗಳು ಲಾರಿ ಏರಿದವು. ಕಟ್ಟಡ ಕೊಂಡವರು ಅಲ್ಲಿ ಪೀಠೋಪಕರಣದ ಗೋದಾಮು ಮಾಡುವವರಿದ್ದರು. ಅವಳು ಮೇಸ್ತ್ರಿಯ ಮನೆಗೂ ಹೋದಳು, ತಪ್ಪಾಯಿತು ಎನ್ನಲು. ಅವನ ಹೆಂಡತಿ ಬಾಗಿಲು ಅರ್ಧ ತೆರೆದು, "ಅವರು ಮಲಗಿದಾರೆ" ಎಂದಳು. ಒಳಗೆ ಅವನು ಕೆಮ್ಮಿದ್ದು ಕೇಳಿಸಿತು.

ಅಪ್ಪ, ಮಗಳು, ಅಳಿಯ ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದರು. ಮಾತು ಉಪ್ಪು, ನೀರಿನಷ್ಟಕ್ಕೆ ನಿಂತಿತ್ತು.

ನೆಲಮಾಳಿಗೆ ಖಾಲಿ ಮಾಡಲು ಕೊನೆಯ ದಿನ ಸೋಮವಾರ. ಭಾನುವಾರ ಬೆಳಿಗ್ಗೆ ಅಳಿಯ ನಿಜವಾದ ಆ ಎಂಟು ಬಾಟಲಿಗಳನ್ನು ಎದೆಗವಚಿಕೊಂಡು ಎರಡು ಸಲಕ್ಕೆ ಹೊತ್ತು ತಂದು ಅಡುಗೆಮನೆಯಲ್ಲಿಟ್ಟ. ಮತ್ತೇನೋ ತರಲು ಹೋದ. ಅಪ್ಪ ಬಂದು ಕುಳಿತರು. ಒಂದು ಬಾಟಲಿಯನ್ನು ಎತ್ತಿ, ಮೇಣದ ಮೇಲೆ ಹೆಬ್ಬೆರಳಾಡಿಸಿದರು.

"ತೆಗಿ," ಎಂದರು.

"ಯಾಕೆ?"

"ಇದು ಹನ್ನೆರಡು... ಅಲ್ಲ, ಈಗ ಹದಿಮೂರು. ಇಷ್ಟು ವರ್ಷ ಯಾವುದನ್ನೂ ಇಟ್ಟಿರಲಿಲ್ಲ. ಸರಿಯಾಗಿ ಬಂತಾ ಇಲ್ವಾ ಅಂತ ಗೊತ್ತಾಗ್ಬೇಕು ನನಗೆ." ಬಾಟಲಿಯನ್ನು ಅವಳ ಕಡೆ ಸರಿಸಿದರು, "ನೀನು ನೋಡಿ ಹೇಳು."

ಅವಳ ಇಡೀ ಆಯಸ್ಸಿನಲ್ಲಿ ಅಪ್ಪ ಅವಳನ್ನು ತಮಾಷೆಗಲ್ಲದೆ ಏನನ್ನಾದರೂ ಕೇಳಿದ್ದು ಅದೇ ಮೊದಲು. ಚಾಕುವಿನಿಂದ ಮೇಣ ಕೆರೆದು ಮುಚ್ಚಳ ತೆಗೆದಳು. ಎರಡು ಗ್ಲಾಸಿಗೆ ಬಗ್ಗಿಸಿದಳು. ನೊರೆ ಕಂದು ಬಣ್ಣದಲ್ಲಿ ತೆಳುವಾಗಿ ಎದ್ದು ಅಂಚಿಗೆ ಹತ್ತಿತು. ಮೂಗು ಹತ್ತಿರ ಹೋಗುವ ಮೊದಲೇ ಅದು ಬಂತು: ಖರ್ಜೂರ, ಹೊಗೆಸೊಪ್ಪು, ಮುಚ್ಚಿಟ್ಟ ಮರದ ಪೆಟ್ಟಿಗೆ, ಅದರಾಚೆ ಸುಟ್ಟ ಕಿತ್ತಳೆ ಸಿಪ್ಪೆಯಂಥದೇನೋ. ಎಂಜಲು ಗ್ಲಾಸುಗಳಲ್ಲಿ, ಯಾವತ್ತೂ, ಅಂಥದ್ದನ್ನು ಅವಳು ಕಂಡಿರಲಿಲ್ಲ. ಅಪ್ಪನ ಕೈ ಮಾಡಿದ್ದರಲ್ಲೆಲ್ಲ ಇದು ಮೇಲು.

ಹೇಳಲು ಬಾಯಿ ತೆರೆದಳು.

"ಏನಾದ್ರೂ ಹೇಳೇ," ಎಂದರು ಅಪ್ಪ. "ನಿನ್ನ ನಾಲಿಗೆ ನಂಬೋ ಗತಿ ಬಂತು ನೋಡು ನನಗೆ."

ಪುಟ್ಟಿ ಗ್ಲಾಸನ್ನು ಕೆಳಗಿಟ್ಟಳು.

"ರಟ್ಟು," ಎಂದಳು. "ನೆನೆದ ರಟ್ಟು. ಹಾಳಾಗಿದೆ."

ಅಪ್ಪ ತಮ್ಮ ಗ್ಲಾಸಿನಿಂದ ಗುಟುಕರಿಸಿದರು. "ಕಹಿ ಇಳಿದಿದೆ, ಎಷ್ಟು ಬೇಕೋ ಅಷ್ಟು. ಹುಳಿ ಇಲ್ಲ. ಮೈ ರೇಷ್ಮೆ ಹಾಗಿದೆ."

"ರಟ್ಟು ನಾಲಿಗೆಗೆ ಸಿಗಲ್ಲ, ಮೂಗಿಗೇ ಸಿಗೋದು ಅಂತ ನೀವೇ ಹೇಳ್ತಿದ್ರಲ್ಲ."

"ಸುಳ್ಳು ಹೇಳ್ತಿದೀಯ."

"ಮೂಸಿ ನೋಡಿ, ಅಪ್ಪ."

ಅವರು ಗ್ಲಾಸಿನೊಳಕ್ಕೆ ಮೂಗಿಟ್ಟರು. ಕಣ್ಣು ಮುಚ್ಚಿ ಬಹಳ ಹೊತ್ತು ಹಾಗೇ ಕುಳಿತರು. ಎದೆ ಏರಿತು, ಇಳಿಯಿತು, ಮತ್ತೆ ಏರಿತು. ಮೂಗಿನ ತುದಿಗೆ ನೊರೆ ಹತ್ತಿತ್ತು. ಅದನ್ನು ಒರೆಸಿಕೊಳ್ಳುವುದೂ ಅವರಿಗೆ ಹೊಳೆಯಲಿಲ್ಲ.

"ಸುರಿದುಬಿಡು," ಎಂದರು ಕೊನೆಗೆ. "ಮುಂದಿನದು ತೆಗಿ."

ಮುಂದಿನದನ್ನೂ ತೆಗೆದಳು. ಅದು ಇನ್ನೊಂದು ಬಗೆಯಲ್ಲಿ ಚಂದವಿತ್ತು. "ಇದೂ ಹಾಗೇ," ಎಂದಳು. ಮೂರನೆಯದಕ್ಕೆ ಅವಳು ಗ್ಲಾಸು ಕೂಡ ತೆಗೆದುಕೊಳ್ಳಲಿಲ್ಲ, ಬಾಟಲಿಯ ಬಾಯಿ ಮೂಸಿ ತಲೆಯಾಡಿಸಿದಳು. ಸಿಂಕಿನಲ್ಲಿ ಕಪ್ಪು ನೀರು ಸುಳಿ ಸುಳಿಯಾಗಿ ಇಳಿಯುತ್ತಿತ್ತು. ಅಪ್ಪ ಪ್ರತಿ ಸಲವೂ ಮಗಳ ಮುಖವನ್ನೇ ನೋಡುತ್ತಿದ್ದರು. ಐದನೆಯದಾದ ಮೇಲೆ ನೋಡುವುದನ್ನು ಬಿಟ್ಟರು. ಭುಜ ಇಳಿದಿತ್ತು. ಎಂಟನೆಯದರ ಕೊನೆಯ ಹನಿ ಇಳಿದಾಗ, "ಒಂದೂ ಬರಲಿಲ್ಲ ಹಾಗಾದ್ರೆ," ಎಂದರು, ತಮಗೇ ಹೇಳಿಕೊಳ್ಳುವಂತೆ. "ಹದಿಮೂರು ವರ್ಷ ನಾನು ರಟ್ಟು ಕಾಯ್ದೆ."

ಆಗ ಅಳಿಯ ಹಳೆ ಲೇಬಲ್ಲುಗಳ ಪೆಟ್ಟಿಗೆ ಹೊತ್ತು ಒಳಗೆ ಬಂದ. ಹೊಸ್ತಿಲಲ್ಲೇ ನಿಂತುಬಿಟ್ಟ.

"ಅಬ್ಬಾ! ಏನಿದು, ಇಷ್ಟು ಘಮ ಅನ್ನತ್ತೆ? ಮೆಟ್ಟಿಲವರೆಗೂ ಬರ್ತಿದೆ!"

ಪುಟ್ಟಿ ನಲ್ಲಿ ತಿರುಗಿಸಿದಳು, ಜೋರಾಗಿ. ತಡವಾಗಿತ್ತು.

ಅಪ್ಪ ನಿಧಾನವಾಗಿ ತಿರುಗಿದರು. ಸಿಂಕಿನ ಪಕ್ಕ ಸಾಲಾಗಿ ನಿಂತ ಎಂಟು ಖಾಲಿ ಬಾಟಲಿಗಳನ್ನು ನೋಡಿದರು. ಮಗಳ ಬೆನ್ನನ್ನು ನೋಡಿದರು. ಅವಳ ಹೆಸರು ಹಿಡಿದು ಕೂಗಲಿಲ್ಲ, ಬೈಯಲಿಲ್ಲ. ಎದುರಿಗಿನ ಕುರ್ಚಿಯನ್ನು ಕಾಲಿನಿಂದ ಹೊರಕ್ಕೆ ಸರಿಸಿದರು.

"ಕೂತ್ಕೊಳ್ಳಿ ಅಳಿಯಂದಿರೇ. ಏನು ವಾಸನೆ ಬರ್ತಿದೆ, ಹೇಳಿ ನನಗೆ."

"ನನಗೆಲ್ಲಿ ಹೇಳೋಕೆ ಬರತ್ತೆ ಮಾವ... ಚೆನ್ನಾಗಿದೆ."

"ಹೇಗೆ ಚೆನ್ನಾಗಿದೆ? ಹುಡುಕಿ ಹೇಳಿ. ಪುರುಸೊತ್ತಾಗಿ."

ಅವನು ಪೆಟ್ಟಿಗೆ ಇಳಿಸಿ ಗಾಳಿ ಎಳೆದುಕೊಂಡ. "ಏನೋ... ಹಣ್ಣಿನ ಥರ. ಒಣ ಹಣ್ಣು. ಆಮೇಲೆ, ತಡೀರಿ, ನಮ್ಮಪ್ಪ ಚುಟ್ಟಾ ಸೇದಿ ಕೋಟು ನೇತುಹಾಕ್ತಿದ್ರಲ್ಲ, ಆ ಕೋಟಿನ ಹಾಗೆ."

"ಹೂಂ," ಎಂದರು ಅಪ್ಪ. ಅವರು ಕಣ್ಣು ಮುಚ್ಚಿದ್ದರು. "ಆಮೇಲೆ?"

"ಆಮೇಲೆ ಏನೋ ಸಿಹಿ..."

ಪುಟ್ಟಿ ಕೈ ಒರೆಸಿಕೊಂಡು ಬಂದು, ಅವರಿಬ್ಬರ ನಡುವೆ ಬಗ್ಗಿ, ಕಿಟಕಿಯ ಎರಡೂ ಬಾಗಿಲುಗಳನ್ನು ಪೂರ್ತಿ ತೆರೆದಳು.